ಯಾರ ಜೇಬಿನದೋ ಅವರ ಕೈಗೆ

"ಅಮ್ಮಾ, ಲಾಂಡ್ರಿ ಆಂಟಿ ನಿನ್ನ ಜೇಬಲ್ಲಿ ಸಿಕ್ಕಿದ್ದನ್ನೂ ನಿಂಗೆ ಗುಟ್ಟಾಗಿ ಕೊಡ್ತಾರಾ?"

ಪುಟ್ಟಿ ಈ ಪ್ರಶ್ನೆ ಕೇಳಿದಾಗ ಅವಳ ಬಾಯಿಯ ಸುತ್ತ ಚಾಕಲೇಟು ಮೆತ್ತಿಕೊಂಡಿತ್ತು. ಮನೆಗೆ ಚಾಕಲೇಟು ತಂದು ಎಷ್ಟೋ ದಿನವಾಗಿತ್ತು. ಅಮ್ಮ ವಿಚಾರಣೆ ನಡೆಸಿದಾಗ ಹೊರಬಿದ್ದದ್ದು ಇಷ್ಟು: ಪುಟ್ಟಿಯ ಸ್ವೆಟರಿನ ಜೇಬಿನಲ್ಲಿ ಯಾವಾಗಲೋ ಉಳಿದುಹೋದ ಅರ್ಧ ಚಾಕಲೇಟನ್ನು ಕೆಳಗಿನ ಲಾಂಡ್ರಿ ಅಕ್ಕ ಒಂದು ಪುಟ್ಟ ಕಾಗದದ ಕವರಿಗೆ ಹಾಕಿ, ಬಾಯಿ ಮಡಚಿ, ಬಗ್ಗಿ ಪುಟ್ಟಿಯ ಕೈಗೇ ಕೊಟ್ಟಿದ್ದಳು. ಅಮ್ಮ ಅಲ್ಲೇ ಪಕ್ಕದಲ್ಲಿ ಒಗೆದು ಬಂದ ಹೊದಿಕೆಗಳನ್ನು ಎಣಿಸಿಕೊಳ್ಳುತ್ತ ನಿಂತಿದ್ದಳು. ಅವಳ ಕಡೆ ಲಾಂಡ್ರಿ ಅಕ್ಕ ಕಣ್ಣೆತ್ತಿಯೂ ನೋಡಿರಲಿಲ್ಲ.

"ಹಲ್ಲು ಹಾಳಾಗತ್ತೆ ಅಕ್ಕ, ನನಗಾದರೂ ಒಂದು ಮಾತು ಹೇಳಬಾರದಾ?" ಎಂದು ಪುಟ್ಟಿಯ ಅಮ್ಮ ಕೆಳಗಿಳಿದು ಹೋಗಿ ಕೇಳಿದರೆ, ಲಾಂಡ್ರಿ ಅಕ್ಕ ಶರಟಿನ ಕಾಲರಿಗೆ ನೀರು ಚಿಮುಕಿಸುತ್ತಲೇ ಅಂದಳು:

"ನೋಡಿ ಪುಟ್ಟಿ ಅಮ್ಮ, ಯಾರ ಜೇಬಿನದೋ ಅವರ ಕೈಗೆ. ಐದು ವರ್ಷದವರಾದರೂ ಅಷ್ಟೇ, ಐವತ್ತರವರಾದರೂ ಅಷ್ಟೇ. ಮಗಳ ಜೇಬಿನದನ್ನ ಅಮ್ಮಂಗೆ, ಗಂಡನ ಜೇಬಿನದನ್ನ ಹೆಂಡ್ತಿಗೆ ಕೊಡೋಕೆ ಶುರು ಮಾಡಿದ್ರೆ ನಾನು ಲಾಂಡ್ರಿ ಮುಚ್ಚಿ ಕೋರ್ಟು ತೆರೀಬೇಕಾಗತ್ತೆ."

ಆ ಮಾತಿಗೆ ಎದುರಾಡುವುದು ಕಷ್ಟವಿತ್ತು. ಬೀದಿಯ ಮೂಲೆಯ ಆ ಅಂಗಡಿಯಲ್ಲಿ ಜನರ ಜೇಬುಗಳಿಂದ ಬಿದ್ದದ್ದು ಒಂದೆರಡಲ್ಲ. ಬಸ್ಸಿನ ಟಿಕೆಟ್ಟು, ಮೊಳೆ, ಹಲ್ಲುಕಡ್ಡಿ, ಅರ್ಧ ಸೆಟ್ಟು ಕಟ್ಟಿಸಿದ ಹಲ್ಲು. ಓವರ್‌ಟೈಮ್ ಇತ್ತು ಎಂದು ಮನೆಯಲ್ಲಿ ಹೇಳಿದವರ ಪ್ಯಾಂಟಿನಲ್ಲಿ ಜೋಡಿ ಸಿನಿಮಾ ಟಿಕೆಟ್ಟು. ಎಲ್ಲಕ್ಕಿಂತ ಹೆಚ್ಚಾಗಿ ಪೆನ್ನು. ಪೆನ್ನು ಲಾಂಡ್ರಿಯವರ ಹುಟ್ಟು ವೈರಿ. ಒಂದು ಪೆನ್ನು ಒಳಗೆ ಉಳಿದು ಮಷೀನು ತಿರುಗಿತೆಂದರೆ ಹತ್ತು ಮನೆಯ ಬಿಳಿ ಶರಟು ಆಕಾಶವಾಗುತ್ತದೆ. ಹಾಗಾಗಿ ನೀರಿಗೆ ಹಾಕುವ ಮೊದಲು ಪ್ರತಿ ಜೇಬನ್ನೂ ಒಳಗಿನದು ಹೊರಗೆ ಮಾಡಿ ಕೊಡವುವುದು ಲಾಂಡ್ರಿ ಅಕ್ಕನ ಕೆಲಸ. ಆ ಕೆಲಸವನ್ನು ಅವಳು ಗಂಡನಿಗೂ ಬಿಟ್ಟುಕೊಟ್ಟಿರಲಿಲ್ಲ. ಗಂಡ ಒಳ್ಳೆಯವನೇ, ಇಸ್ತ್ರಿಯಲ್ಲಿ ಅವನದು ಎತ್ತಿದ ಕೈ, ಆದರೆ ಬಾಯಿ ಸಡಿಲ. ಬೆಳಿಗ್ಗೆ ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಬಸ್‌ಸ್ಟಾಪಿಗೆ ತಲುಪುತ್ತಿತ್ತು.

ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ, ಮಹಡಿಯ ಮೇಲೆ ಪುಟ್ಟಿಯ ಮನೆ. ಕೆಳಗೆ ಡ್ರೈಯರು ತಿರುಗಿದರೆ ಮೇಲೆ ಪುಟ್ಟಿಯ ಹಾಲಿನ ಲೋಟ ನಡುಗುತ್ತದೆ. ಚಳಿಗಾಲದಲ್ಲಿ ಅದೇ ಉಪಕಾರ, ನೆಲ ಬೆಚ್ಚಗಿರುತ್ತದೆ.

ಲಾಂಡ್ರಿ ಅಕ್ಕನಿಗೆ ಇಬ್ಬರು ಮಕ್ಕಳು. ದೊಡ್ಡವನಿಗೆ ಹದಿನೈದು, ಮೂಗಿನ ಕೆಳಗೆ ಮೀಸೆಯ ಸುಳಿವು, ಮಾತು ಕಡಿಮೆ. ಚಿಕ್ಕವಳಿಗೆ ಹದಿಮೂರು, ಅಣ್ಣ ಉಳಿಸಿದ ಮಾತನ್ನೆಲ್ಲ ಅವಳೇ ಖರ್ಚು ಮಾಡುತ್ತಾಳೆ. ಇಬ್ಬರನ್ನೂ ಆಕೆ ಬೆಳೆಸಿದ ರೀತಿಗೆ ಬೀದಿಯೇ ತಲೆದೂಗುತ್ತಿತ್ತು. ದೊಡ್ಡವನು ಚಿಕ್ಕವನಿದ್ದಾಗ ಯಾರದೋ ಕೋಟಿನಿಂದ ಕಳಚಿಬಿದ್ದ ಹೊಳೆಯುವ ಗುಂಡಿಯೊಂದನ್ನು ಆಟಕ್ಕೆ ಎತ್ತಿಟ್ಟುಕೊಂಡಿದ್ದ. ಅವಳು ಹೊಡೆಯಲಿಲ್ಲ, ಬೈಯಲಿಲ್ಲ. ಅವನ ಕೈಹಿಡಿದು ಕೋಟಿನ ಯಜಮಾನರಾದ ಹಲ್ಲಿನ ಡಾಕ್ಟರ ಮನೆ ಬಾಗಿಲು ತಟ್ಟಿಸಿ, "ಇದು ನಿಮ್ಮದು" ಎಂದು ಅವನ ಬಾಯಿಂದಲೇ ಹೇಳಿಸಿದ್ದಳು. ಡಾಕ್ಟರು ನಗುತ್ತ, "ಇಟ್ಟುಕೊಳ್ಳೋ ಮರಿ" ಅಂದರೂ ಬಿಡಲಿಲ್ಲ.

ಇದೆಲ್ಲ ಸರಿ. ಆದರೆ ಆಕೆಗೆ ಒಂದು ಚಟವಿತ್ತು. ಮಗನ ಮಾರ್ಕ್ಸು.

ದೊಡ್ಡವನು ಓದಿನಲ್ಲಿ ಚುರುಕು. ಊರಿನ ದೊಡ್ಡ ಕೋಚಿಂಗ್ ಸೆಂಟರಿನಲ್ಲಿ ಅವನಿಗೆ ಫ್ರೀ ಸೀಟು ಸಿಕ್ಕಿತ್ತು. ಷರತ್ತು ಒಂದೇ: ಪ್ರತಿ ತಿಂಗಳ ಟೆಸ್ಟಿನಲ್ಲಿ ಮೊದಲ ಸಾಲಿನಲ್ಲಿ ಇರಬೇಕು. ರಿಸಲ್ಟು ಬಂದ ದಿನ ಅವನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅಮ್ಮನ ಪ್ರಶ್ನೆ ಬಂದಿರುತ್ತಿತ್ತು: "ಫಸ್ಟ್ ಯಾರೋ?" ಎಷ್ಟು ಬಂತು ಅಂತ ಅಲ್ಲ, ಹೇಗಿತ್ತು ಅಂತಲೂ ಅಲ್ಲ. ಅವನು "ನಾನೇ" ಅಂದ ದಿನ ಅಂಗಡಿಗೆ ಬಂದವರಿಗೆಲ್ಲ ಆ ಸುದ್ದಿ ಬಟ್ಟೆಯ ಜೊತೆ ಮಡಚಿ ಕೊಡುವಳು.

"ನಿಮ್ಮ ಸೀರೆ ರೆಡಿ ಇದೆ. ಅಂದಹಾಗೆ ನಮ್ಮವನು ಈ ತಿಂಗಳೂ ಫಸ್ಟು."

"ಕೇಳಿದ್ದೆ ಕಣೇ, ಹೋದ ವಾರ ಬಂದಾಗಲೇ ನೀನು ಹೇಳಿದ್ಯಲ್ಲ."

"ಅದು ಹೋದ ತಿಂಗಳದು. ಇದು ಹೊಸದು."

ಈ ವಿಷಯದಲ್ಲಿ ಅವಳಿಗೆ ಸರಿಸಾಟಿ ಎಂದರೆ ಬ್ಯಾಂಕ್ ಮೇಡಂ ಒಬ್ಬರೇ. ಎದುರಿನ ಅಪಾರ್ಟ್‌ಮೆಂಟಿನಲ್ಲಿ ಇದ್ದವರು, ಬ್ಯಾಂಕಿನಲ್ಲಿ ಆಫೀಸರು. ಅವರ ಒಬ್ಬನೇ ಮಗ ಸ್ಕೂಲಿನಲ್ಲೂ ಕೋಚಿಂಗ್ ಸೆಂಟರಿನಲ್ಲೂ ದೊಡ್ಡವನ ಕ್ಲಾಸ್‌ಮೇಟು, ದಪ್ಪ ಕನ್ನಡಕ ಹಾಕುತ್ತಿದ್ದುದರಿಂದ ಬೀದಿಗೆಲ್ಲ ಅವನು 'ಕನ್ನಡಕ'. ಓದು ಸುಮಾರು, ಆದರೆ ಫುಟ್‌ಬಾಲ್ ಅಂದರೆ ಪ್ರಾಣ. ಸ್ಕೂಲ್ ಟೀಮಿನ ಗೋಲ್‌ಕೀಪರು ಅವನೇ. ಹುಡುಗರಿಬ್ಬರೂ ಒಂದೇ ಎತ್ತರ, ಒಂದೇ ಬೂದು ಪ್ಯಾಂಟು, ಒಟ್ಟಿಗೆ ಸ್ಕೂಲಿಗೆ ಹೋಗುವವರು. ಅಮ್ಮಂದಿರು ಮಾತ್ರ ಕೌಂಟರಿನ ಆಚೆ ಈಚೆ ನಿಂತು ಸಣ್ಣದಾಗಿ ಕತ್ತಿ ಮಸೆಯುತ್ತಿದ್ದರು.

"ನಿಮ್ಮ ಮಗನಿಗೇನು ಬಿಡಿ, ತಲೆ ಇದೆ. ನಮ್ಮವನಿಗೆ ಕಾಲಿದೆ," ಎನ್ನುವರು ಮೇಡಂ.

"ಅಯ್ಯೋ ಹಾಗನ್ನಬೇಡಿ ಮೇಡಂ, ಎಲ್ಲರೂ ಫಸ್ಟ್ ಬಂದ್ರೆ ಸೆಕೆಂಡ್ ಬರೋರು ಯಾರು?" ಎನ್ನುವಳು ಅಕ್ಕ. ಸಮಾಧಾನದ ಮಾತಿಗೆ ಇಷ್ಟು ಚೂಪು ಎಲ್ಲಿಂದ ಬರುತ್ತಿತ್ತೋ!

ಆ ದಿನ ಸಂಜೆ ಲಾಂಡ್ರಿ ಅಕ್ಕ ಮೇಡಂ ಮನೆಯ ಗಂಟು ಬಿಚ್ಚಿ ಬಟ್ಟೆ ವಿಂಗಡಿಸುತ್ತಿದ್ದಳು. ಗಿರಾಕಿಗಳ ಬಟ್ಟೆಗೆ ನಂಬರಿನ ಚೀಟಿ ಚುಚ್ಚಬೇಕು, ಮನೆಯ ಬಟ್ಟೆಗೆ ಚೀಟಿ ಇಲ್ಲ. ಅಷ್ಟರಲ್ಲಿ ಚಿಕ್ಕವಳು ಅಣ್ಣನ ಸ್ಕೂಲ್ ಪ್ಯಾಂಟನ್ನೂ ತಂದು ಅದೇ ಮೇಜಿನ ಮೇಲೆ ಎಸೆದಳು. ಡ್ರೈಯರು ಬೀಪ್ ಬೀಪ್ ಎಂದು ಬೊಬ್ಬೆ ಹಾಕಿತು, ಅಕ್ಕ ಎದ್ದುಹೋಗಿ ಅದರ ಬಾಯಿ ಮುಚ್ಚಿಸಿ ಬಂದಳು. ಬಂದವಳು ಒಂದು ಬೂದು ಪ್ಯಾಂಟು ಕೈಗೆತ್ತಿಕೊಂಡು ಜೇಬನ್ನು ಹೊರಗೆಳೆದರೆ, ಬಟಾಣಿ ಕಾಳಿನಷ್ಟು ಚಿಕ್ಕದೊಂದು ವಸ್ತು ಟಪ್ಪನೆ ಮೇಜಿಗೆ ಬಿತ್ತು. ಮೈಬಣ್ಣದ್ದು. ಗುಂಡಿಯಲ್ಲ, ಮಾತ್ರೆಯಲ್ಲ.

"ಏನೇ ಇದು?"

ಚಿಕ್ಕವಳು ಬಗ್ಗಿ ನೋಡಿ ಸಿಳ್ಳೆ ಹಾಕಿದಳು. "ಅಮ್ಮಾ! ಇದು ಪರೀಕ್ಷೇಲಿ ಕಾಪಿ ಹೊಡೆಯೋಕೆ. ಕಿವಿಯೊಳಗೆ ಇಟ್ಕೋತಾರೆ. ಹೊರಗಿಂದ ಯಾರಾದ್ರೂ ಫೋನಲ್ಲಿ ಉತ್ತರ ಓದ್ತಾರೆ, ಇದು ಒಳಗೆ ಪಿಸುಗುಟ್ಟತ್ತೆ."

"ನಿಂಗೆ ಹೇಗೆ ಗೊತ್ತೇ?"

"ಎಲ್ಲರಿಗೂ ಗೊತ್ತು. ನಿಂಗೊಬ್ಬಳಿಗೇ ಗೊತ್ತಿಲ್ಲ."

ಅಕ್ಕ ಮೇಜು ನೋಡಿದಳು. ಎರಡು ಬೂದು ಪ್ಯಾಂಟು, ಎರಡಕ್ಕೂ ಇನ್ನೂ ಚೀಟಿ ಇಲ್ಲ. ಬೇರೆ ಯಾವ ದಿನವಾದರೂ ಅವಳು ಎರಡನ್ನೂ ತಿರುವಿ ಮುರುವಿ ನೋಡುತ್ತಿದ್ದಳು. ಇವತ್ತು ನೋಡಲಿಲ್ಲ. ಯಾಕೆ ನೋಡಬೇಕು? ಎರಡರಲ್ಲಿ ಒಂದು ಫಸ್ಟ್ ಬರುವವನದು, ಇನ್ನೊಂದು ಬರದವನದು. ಕಾಪಿ ಹೊಡೆಯುವ ಅಗತ್ಯ ಯಾರಿಗೆ? ಕೈಯಲ್ಲಿದ್ದ ಪ್ಯಾಂಟಿಗೆ ಮೇಡಂ ಮನೆಯ ನಂಬರನ್ನು ಟಕ್ಕನೆ ಚುಚ್ಚಿದಳು.

ಕವರೊಂದಕ್ಕೆ ಆ ಕಾಳನ್ನು ಹಾಕಿದ್ದೂ ಆಯಿತು. ಪದ್ಧತಿಯ ಪ್ರಕಾರ ಕನ್ನಡಕ ಬಂದಾಗ ಅವನ ಕೈಗೆ ಕೊಡಬೇಕು. ಆದರೆ ಮಾರನೆಯ ಸಂಜೆ ಬಂದವರು ಮೇಡಂ. ಬಂದವರು ಸುಮ್ಮನೆ ಬಟ್ಟೆ ತೆಗೆದುಕೊಂಡು ಹೋಗಬಾರದೇ? "ಈ ಸಲ ನಮ್ಮವನೂ ಮೊದಲ ಹತ್ತರೊಳಗೆ ಬಂದ ಕಣ್ರೀ," ಎಂದು ಬೀಗಿದರು. ಲಾಂಡ್ರಿ ಅಕ್ಕನ ಕೈ ಡ್ರಾಯರಿನ ಕಡೆ ತಾನಾಗಿ ಹೋಯಿತು.

ನಿಜ ಹೇಳಬೇಕೆಂದರೆ ಅವಳ ಮನಸ್ಸಿನಲ್ಲಿ ಕಾಳಜಿಯೂ ಇತ್ತು. ಜೊತೆಗೆ ನಾಲಿಗೆಯ ತುದಿಯಲ್ಲಿ ಒಂದು ಸಣ್ಣ ಸಿಹಿ ಕೂಡ ಇತ್ತು.

"ಮೇಡಂ, ನಾನು ಯಾವತ್ತೂ ಹೀಗೆ ಮಾಡಿದವಳಲ್ಲ. ಆದರೆ ನಾನೂ ಒಬ್ಬ ತಾಯಿ. ನನ್ನ ಮಗ ಹೀಗೆ ಮಾಡಿದ್ರೆ ನನಗೆ ಯಾರಾದ್ರೂ ಹೇಳಲಿ ಅಂತ ಬಯಸ್ತಿದ್ದೆ."

ಮೇಡಂ ಕವರು ಬಿಡಿಸಿದರು. ಅದೇನೆಂದು ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಪೇಪರಿನಲ್ಲಿ ಫೋಟೋ ನೋಡಿದ್ದರು. ಮುಖ ಬಿಳುಚಿಕೊಂಡು, ಬಟ್ಟೆಯ ಗಂಟನ್ನು ಎದೆಗವಚಿಕೊಂಡು, ರಸ್ತೆ ದಾಟುವಾಗ ಎಡಬಲ ನೋಡುವುದನ್ನೂ ಮರೆತು ಹೊರಟುಹೋದರು.

ಆಮೇಲಿನ ದಿನಗಳಲ್ಲಿ ಎದುರಿನ ಅಪಾರ್ಟ್‌ಮೆಂಟಿನ ಸುದ್ದಿ ಕಂತುಕಂತಾಗಿ ಬಂತು, ತಂದವನು ಅಕ್ಕನ ಗಂಡನೇ. ಕನ್ನಡಕನ ಫೋನು ಬೀರುವಿಗೆ ಹೋಯಿತಂತೆ. ಫುಟ್‌ಬಾಲ್ ಟೀಮಿನಿಂದ ಹೆಸರು ತೆಗೆಸಿದರಂತೆ, ಅದೂ ಫೈನಲ್ ಮ್ಯಾಚಿನ ಹಿಂದಿನ ದಿನ. ಹುಡುಗ ಒಂದೇ ಸಮ "ಅದು ನಂದಲ್ಲ, ನಂದಲ್ಲ" ಅಂದನಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ.

"ಕಳ್ಳ ಯಾವತ್ತು ಹೌದು ನಂದೇ ಅಂದಿದ್ದಾನೆ?" ಅಂದಳು ಅಕ್ಕ, ಮತ್ತು ಮಗನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಯಾಕೆಂದರೆ ದೊಡ್ಡವನು ಇತ್ತೀಚೆಗೆ ಸೊರಗಿದ್ದ. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಮತ್ತೆ ಮತ್ತೆ ಮೇಲೆಳೆದುಕೊಳ್ಳುತ್ತಿದ್ದುದು ಅವಳ ಕಣ್ಣಿಗೆ ಬಿದ್ದಿತ್ತು. ಓದಿ ಓದಿ ಮಗ ಇಳಿದುಹೋಗಿದ್ದಾನೆ ಎಂದು ರಾತ್ರಿ ಹಾಲಿಗೆ ಸಕ್ಕರೆ ಹೆಚ್ಚಿಸಿದಳು. ಅವನು ಅದನ್ನು ಕುಡಿದ. ಅನ್ನ ಮಾತ್ರ ತಟ್ಟೆಯಲ್ಲೇ ಉಳಿಯಿತು.

ಹೀಗಿರುವಾಗ ಒಂದು ಸಂಜೆ ಬ್ಯಾಂಕ್ ಮೇಡಂ ಮತ್ತೆ ಬಂದರು. ಕೈಯಲ್ಲಿ ಒಂದು ಬೂದು ಪ್ಯಾಂಟು.

"ಇದು ನಮ್ಮದಲ್ಲ ಕಣ್ರೀ. ಅದಲುಬದಲಾಗಿದೆ. ನಾನೂ ಗಮನಿಸಿರಲಿಲ್ಲ, ಅವನು ಹಳೇ ಪ್ಯಾಂಟೇ ಹಾಕ್ಕೊಂಡು ಹೋಗ್ತಿದ್ದ. ಇವತ್ತು ನೋಡಿದ್ರೆ ಕಾಲಿನ ಮಡಿಕೆ ಬಿಚ್ಚಿ ಉದ್ದ ಮಾಡಿದ್ದಾರೆ, ಅದೂ ನೀಲಿ ದಾರದಲ್ಲಿ. ಯಾರ ಮನೇದೋ ಏನೋ, ಬೂದು ದಾರ ಸಿಗಲಿಲ್ಲ ಅಂತ ಕಾಣತ್ತೆ."

ಬೂದು ದಾರ ಸಿಕ್ಕಿರಲಿಲ್ಲ, ನಿಜ. ಉಂಡೆ ಮುಗಿದಿತ್ತು. ಬೆಳಿಗ್ಗೆ ಸ್ಕೂಲಿಗೆ ಹೊತ್ತಾಗುತ್ತದೆ, ಸದ್ಯಕ್ಕೆ ಇರಲಿ, ಭಾನುವಾರ ಬಿಚ್ಚಿ ಸರಿಯಾಗಿ ಹೊಲಿದರಾಯಿತು ಎಂದುಕೊಂಡು ಲಾಂಡ್ರಿ ಅಕ್ಕ ತನ್ನ ಕೈಯಾರೆ ಹಾಕಿದ ಹೊಲಿಗೆ ಅದು. ಭಾನುವಾರಗಳು ಬಂದುಹೋದವು, ಅವಳು ಮರೆತಿದ್ದಳು.

ಅವಳು ಪ್ಯಾಂಟು ಹಿಡಿದುಕೊಂಡು ನಿಂತೇ ಇದ್ದಳು. ದಿನವಿಡೀ ಲೆಕ್ಕದಲ್ಲೇ ಮುಳುಗಿರುವ ಮೇಡಂಗೆ ಈ ಲೆಕ್ಕ ಹೊಳೆದಿರಲಿಲ್ಲ. ಪ್ಯಾಂಟು ಬೇರೆಯವರದಾದರೆ ಅದರ ಜೇಬೂ ಬೇರೆಯವರದು ಎನ್ನುವಷ್ಟು ಸಣ್ಣ ಲೆಕ್ಕ. ಅವರ ತಲೆಯೆಲ್ಲ ಬೇರೆ ಕಡೆ ಇತ್ತು.

"ನಾಳೆ ಬೆಳಿಗ್ಗೆ ಅವನನ್ನ ಸೆಂಟರಿನ ಸರ್ ಹತ್ರ ಕರ್ಕೊಂಡು ಹೋಗ್ತಿದ್ದೀನಿ. ಎಲ್ಲರೆದುರು ಕ್ಷಮೆ ಕೇಳಲಿ. ಸ್ಕೂಲಿಗೂ ನಾನೇ ತಿಳಿಸ್ತೀನಿ. ಈಗ ಮುಚ್ಚಿಟ್ರೆ ಮುಂದೆ ಏನಾಗ್ತಾನೋ." ಮೇಡಂ ಕೌಂಟರಿನ ಮೇಲಿದ್ದ ಚೀಟಿಗಳನ್ನು ಸುಮ್ಮನೆ ಜೋಡಿಸಿದರು. "ಇನ್ನೂ ಒಪ್ಪಿಕೊಂಡಿಲ್ಲ ನೋಡಿ, ಅಷ್ಟು ಗಟ್ಟಿ. ನೀವು ಹೇಳಿದ್ದಕ್ಕೆ ಆಯ್ತು, ಇಲ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

ಅವರು ಥ್ಯಾಂಕ್ಸ್ ಬೇರೆ ಹೇಳಿ ಹೋದರು.

ಅಕ್ಕ ಅಂಗಡಿಯ ಹಿಂಬಾಗಿಲು ದಾಟಿ ಮನೆಯೊಳಗೆ ಬಂದಳು. ದೊಡ್ಡವನು ಓದುವ ಮೇಜಿನ ಮುಂದೆ ಕೂತಿದ್ದ. ಅವನ ಪುಸ್ತಕದ ಮೇಲೆ ಪ್ಯಾಂಟು ಇಟ್ಟಳು, ನೀಲಿ ದಾರ ಮೇಲೆ ಬರುವ ಹಾಗೆ.

"ಯಾರದಿದು?"

"ನಂದು."

"ನೀನೀಗ ಹಾಕ್ಕೊಂಡಿರೋದು?"

"ಅವನದು."

"ಗೊತ್ತಿತ್ತಾ?"

"ಮೊದಲ ದಿನಾನೇ ಗೊತ್ತಾಯ್ತು. ಸಡಿಲ ಇತ್ತು."

ಚಿಕ್ಕವಳು ಪೆನ್ಸಿಲು ಕಚ್ಚುವುದನ್ನು ನಿಲ್ಲಿಸಿದಳು. ಅಂಗಡಿಯಲ್ಲಿ ಇಸ್ತ್ರಿಯ ಸದ್ದೂ ನಿಂತಿತು. ಗಂಡ ಬಂದು ಬಾಗಿಲಿಗೆ ಒರಗಿದ.

"ಆ ಕಿವಿದು?"

ದೊಡ್ಡವನು ನೀಲಿ ದಾರದ ತುದಿಯನ್ನು ಉಗುರಿನಿಂದ ಕೆದಕಿದ. ಆಮೇಲೆ, "ಅದೂ ನಂದೇ," ಅಂದ. ಗಂಟಲು ಒಡೆದು ಅರ್ಧ ಗಂಡಸಿನ ದನಿ, ಅರ್ಧ ಮಗುವಿನ ದನಿ.

ಲಾಂಡ್ರಿ ಅಕ್ಕ ಕುರ್ಚಿ ಎಳೆದು ಕೂತಳು. "ಯಾಕೋ? ನಿಂಗೆ ಏನು ಕಡಿಮೆ ಆಗಿತ್ತೋ?"

"ತ್ರಿಕೋನದ ಪಾಠ ಶುರುವಾದ ದಿನ ನಂಗೆ ಜ್ವರ ಇತ್ತಲ್ಲ, ಹೋಗಿರಲಿಲ್ಲ. ಆವತ್ತಿಂದ ಒಂದಕ್ಷರ ತಲೆಗೆ ಹೋಗ್ತಿಲ್ಲ. ಕೇಳೋಕೆ ನಾಚಿಕೆ. ಫ್ರೀ ಸೀಟಲ್ಲಿ ಕೂತೋನು ಎದ್ದು ನಿಂತು ಗೊತ್ತಿಲ್ಲ ಅಂತ ಹೇಗಮ್ಮ ಹೇಳೋದು? ಸೀನಿಯರ್ ಒಬ್ಬ ಅದನ್ನ ಕೊಟ್ಟ. ಕಳೆದ ಎರಡು ಟೆಸ್ಟೂ ಹಾಗೇ ಬರೆದೆ."

ಎರಡು ಟೆಸ್ಟು. ಎರಡನ್ನೂ ಅವಳು ಬೀದಿಗೆಲ್ಲ ಹಂಚಿದ್ದಳು.

"ಮನೇಲಿ ಹೇಳಬಾರದಿತ್ತಾ? ನಾನೇನು ಹುಲಿಯಾ? ಒಂದು ದಿನ ಕೈ ಎತ್ತಿದ್ದೀನಾ? ಬೈದಿದ್ದೀನಾ?"

ಇದಕ್ಕೆ ದೊಡ್ಡವನು ತಲೆ ಬಗ್ಗಿಸಿದ. ಉತ್ತರ ಕೊಟ್ಟವಳು ಚಿಕ್ಕವಳು.

"ಬೈಯಲ್ಲಮ್ಮ ನೀನು, ಅದೇ ಕಷ್ಟ. ಮಾರ್ಕ್ಸ್ ಕಮ್ಮಿ ಬಂದ್ರೆ ಸುಮ್ಮನೆ ಹೋಗಿ ಇಸ್ತ್ರಿ ಮಾಡ್ತೀಯ. ಉಸ್ಸು ಉಸ್ಸು ಅಂತ ಆವಿ ಬಿಟ್ಕೊಂಡು ಒಂದೇ ಹೊದಿಕೇನ ಎಷ್ಟು ಸಲ ಉಜ್ತೀಯ ಗೊತ್ತಾ? ಇಲ್ಲಿ ಕೂತ ನಮಗೆ ಬೆನ್ನೇ ಸುಟ್ಟ ಹಾಗಾಗತ್ತೆ."

"ಬಾಯಿ ಮುಚ್ಚೇ," ಅಂದಳು ಅಕ್ಕ, ಆದರೆ ದನಿಯಲ್ಲಿ ಖಾರವಿರಲಿಲ್ಲ.

ಗಂಡ ಮೆಲ್ಲಗೆ ಕೆಮ್ಮಿದ. "ಏನೇ, ಒಂದು ಮಾತು. ಮೇಡಂಗೆ ಏನೂ ಗೊತ್ತಾಗಿಲ್ಲ ತಾನೇ? ನಾಳೆ ಅವರ ಪ್ಯಾಂಟು ಅವರಿಗೆ ಕೊಟ್ಟರಾಯ್ತು. ಇವನು ಇನ್ಮೇಲೆ ಹೀಗೆ ಮಾಡಲ್ಲ. ಸೀಟು ಹೋದ್ರೆ ಇವನ ವರ್ಷ ಹೋಯ್ತು. ಆ ಹುಡುಗ ಹೇಗಿದ್ರೂ ಓದಿನ ಪೈಕಿ ಅಲ್ಲ, ಒಂದು ಸಲ ಕ್ಷಮೆ ಕೇಳಿ ಕೈ ಮುಗಿದ್ರೆ ಮುಗೀತು."

ಹೆಂಡತಿ ರೇಗುತ್ತಾಳೆ ಎಂದು ಅವನು ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದ. ಅವಳು ರೇಗಲಿಲ್ಲ. ಒಂದು ಗಳಿಗೆ ಅವಳ ಮನಸ್ಸೂ ಅತ್ತ ವಾಲಿತು. ಎಷ್ಟು ಸುಲಭ! ಪ್ಯಾಂಟು ಹೋಗುತ್ತದೆ, ಪ್ಯಾಂಟು ಬರುತ್ತದೆ, ಎರಡೂ ಇಸ್ತ್ರಿಯಾಗಿ. ಸೀಟು ಉಳಿಯುತ್ತದೆ. ಬೀದಿಯಲ್ಲಿ ತನ್ನ ಮುಖವೂ ಉಳಿಯುತ್ತದೆ. ಆದರೆ ಎದುರು ಮನೆಯಲ್ಲಿ ಒಬ್ಬ ಹುಡುಗ ಇಷ್ಟು ದಿನ 'ನಂದಲ್ಲ' ಅನ್ನುತ್ತಲೇ ಇದ್ದಾನೆ. ಅವನನ್ನು ಕಳ್ಳನೆಂದವಳು ತಾನು. ಮಗನ ತಟ್ಟೆಗೆ ಅನ್ನ ಬಡಿಸುತ್ತ ಅಂದದ್ದು. ಆ ಅನ್ನ ತಟ್ಟೆಯಲ್ಲಿ ಯಾಕೆ ಉಳಿಯಿತೆಂದು ಈಗ ಗೊತ್ತಾಯಿತು.

ಅವಳು ಎದ್ದಳು. "ಆ ಪ್ಯಾಂಟು ಬಿಚ್ಚಿಕೊಡು."

"ಈಗ್ಲಾ?"

"ಮತ್ತಿನ್ಯಾವಾಗ? ಅವರದನ್ನ ಒಗೆದು ಕೊಡಬೇಕು. ಬೇಗ ಒಗೆಯೋ ಮಷೀನಿಗೆ ಹಾಕ್ತೀನಿ."

ದೊಡ್ಡವನು ಟವಲು ಸುತ್ತಿಕೊಂಡು ನಿಂತ. ಚಿಕ್ಕವಳಿಗೆ ಆ ಹೊತ್ತಿನಲ್ಲೂ ನಗು ತಡೆಯಲಾಗಲಿಲ್ಲ, ಗೋಡೆ ಕಡೆ ತಿರುಗಿದಳು. ಪ್ಯಾಂಟು ಒಗೆದು, ಒಣಗಿ, ಇಸ್ತ್ರಿಗೆ ಬರುವವರೆಗೂ ಊಟಕ್ಕೆ ತಟ್ಟೆ ಹಾಕುವ ಯೋಚನೆ ಯಾರಿಗೂ ಬರಲಿಲ್ಲ. ಇಸ್ತ್ರಿಯನ್ನು ಅಕ್ಕ ತಾನೇ ಮಾಡಿದಳು, ಆವಿಯ ಸದ್ದು ಆದಷ್ಟು ಕಡಿಮೆ ಬರುವ ಹಾಗೆ.

"ನಾನು ಹೋಗ್ತಿದ್ದೀನಿ," ಅಂದಳು ಮಗನಿಗೆ. "ತಪ್ಪು ಪ್ಯಾಂಟಿಗೆ ಚೀಟಿ ಚುಚ್ಚಿದ್ದು ನಾನು, ಕವರು ಬೇರೆಯವರ ಕೈಗೆ ಕೊಟ್ಟಿದ್ದೂ ನಾನು. ನನ್ನ ಕೆಲಸದ ತಪ್ಪು ನಾನು ಹೇಳಿ ಬರ್ತೀನಿ. ಕವರಲ್ಲಿ ಇದ್ದದ್ದು ಅವರ ಮಗನದಲ್ಲ ಅಂತಲೂ ಹೇಳ್ತೀನಿ. ಯಾರದು ಅಂತ ನಾನು ಹೇಳಲ್ಲ. ಅದು ನಿಂದು. ಬರೋದು ಬಿಡೋದು ನಿಂಗೆ ಬಿಟ್ಟಿದ್ದು."

"ನಾನು ಬರದಿದ್ರೆ?"

"ಬರದಿದ್ರೆ ಬಂದು ಊಟ ಬಡಿಸ್ತೀನಿ. ಇನ್ನೇನು ಮಾಡಲಿ? ನೀನು ನನ್ನ ಮಗ."

ಅವಳು ರಸ್ತೆ ದಾಟಿದಳು. ಹಿಂದೆ ತಿರುಗಿ ನೋಡಬೇಕೆಂದು ಕತ್ತು ತವಕಿಸುತ್ತಿತ್ತು, ನೋಡಲಿಲ್ಲ. ಅಪಾರ್ಟ್‌ಮೆಂಟಿನ ಲಿಫ್ಟಿನ ಬಾಗಿಲು ಇನ್ನೇನು ಮುಚ್ಚಬೇಕು, ಒಂದು ಕೈ ಅಡ್ಡ ಬಂತು. ದೊಡ್ಡವನು ಏದುಸಿರು ಬಿಡುತ್ತ ಒಳಗೆ ಬಂದು ಮೂಲೆಗೆ ನಿಂತ. ಲಿಫ್ಟಿನ ಕನ್ನಡಿಯಲ್ಲಿ ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಕ್ಕ ಅವನ ಅಂಗಿಯ ಕಾಲರನ್ನು ಮಾತ್ರ ಅಭ್ಯಾಸಬಲದಿಂದ ಸರಿಮಾಡಿದಳು.

ಬಾಗಿಲು ತೆಗೆದ ಮೇಡಂ ಇಬ್ಬರನ್ನೂ ನೋಡಿ, "ಅಯ್ಯೋ, ಪ್ಯಾಂಟಿಗೋಸ್ಕರ ಇಬ್ಬಿಬ್ಬರು ಬಂದ್ರಾ?" ಅಂದರು.

ಅಕ್ಕ ತನ್ನ ಪಾಲಿನದನ್ನು ಹೇಳಿದಳು. ಸುತ್ತುಬಳಸದೆ, ಒಂದೇ ಉಸಿರಿಗೆ. ಮೇಡಂಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಹಾಗಾದ್ರೆ ಅದು ಯಾರದು?" ಎಂದು ಅವರು ಕೇಳಿದಾಗ ಅಕ್ಕ ತುಟಿ ಬಿಗಿಹಿಡಿದು ಚಪ್ಪಲಿ ಗೂಡನ್ನು ನೋಡುತ್ತ ನಿಂತಳು.

"ನಂದು ಆಂಟಿ," ಅಂದ ದೊಡ್ಡವನು. "ಇವನದಲ್ಲ. ನಾಳೆ ಸೆಂಟರಿನ ಸರ್ ಹತ್ರ ನಾನೇ ಹೋಗಿ ಹೇಳ್ತೀನಿ."

ಕನ್ನಡಕ ಒಳಕೋಣೆಯ ಬಾಗಿಲಿಗೆ ಬಂದು ನಿಂತಿದ್ದ. ಮೇಡಂ ಅವನ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ ಇವನದು ಅಂತ?"

"ನೀಲಿ ದಾರ ನೋಡಿದ ಕೂಡ್ಲೇ ಗೊತ್ತಾಯ್ತು. ಅದಕ್ಕೇ ಆ ಪ್ಯಾಂಟು ಹಾಕ್ಕೊಳ್ಳಲಿಲ್ಲ, ಬೀರು ಅಡೀಲಿ ಇಟ್ಟಿದ್ದೆ. ಇವತ್ತು ನೀನು ಹುಡುಕಿ ತೆಗೆದೆ."

"ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತೋ?"

"ನಂದಲ್ಲ ಅಂತ ಹೇಳಿದ್ನಲ್ಲಮ್ಮ. ಅದನ್ನೇ ನಂಬಲಿಲ್ಲ ನೀನು. ಇನ್ನು ಫಸ್ಟ್ ಬರೋನದು ಅಂದಿದ್ರೆ ನಂಬ್ತಿದ್ಯಾ?"

ಮೇಡಂ ಸೋಫಾದ ಕೈಮೇಲೆ ಕುಸಿದು ಕೂತರು. ಬೈಯಬೇಕಾದದ್ದು ಯಾರನ್ನು ಎಂದು ಅವರಿಗೆ ಆ ಕ್ಷಣ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು, ಲಾಂಡ್ರಿ ಅಕ್ಕನನ್ನು ಸಾಕಷ್ಟು ಬೈದರು. "ಫೈನಲ್ ಮ್ಯಾಚು ಹೋಯ್ತಲ್ಲ ನನ್ನ ಮಗನದು, ಅದನ್ನ ಯಾವ ಮಷೀನಲ್ಲಿ ಒಗೆದು ಕೊಡ್ತೀರಿ?" ಎಂದರು. ಅಕ್ಕ ಬೈಗುಳ ಪೂರ್ತಿ ಕೇಳಿಸಿಕೊಂಡು, "ತಪ್ಪಾಯ್ತು ಮೇಡಂ," ಅಂದಳು. ಹುಡುಗನಿಗೂ ಕೈಹಿಡಿದು ಹೇಳಿದಳು: "ನಿನ್ನನ್ನ ಕಳ್ಳ ಅಂದೆ ಕಣಪ್ಪ, ನನ್ನದು ತಪ್ಪು."

ಕನ್ನಡಕ ಮುಜುಗರದಿಂದ, "ಪರವಾಗಿಲ್ಲ ಆಂಟಿ, ಟೀಮು ಹೇಗಿದ್ರೂ ಸೋಲ್ತಿತ್ತು," ಎಂದ. ದೊಡ್ಡವನು ಅದಕ್ಕೆ, "ನೀನಿದ್ದಿದ್ರೆ ಸೋಲ್ತಿರಲಿಲ್ಲ," ಅಂದ. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂದು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದ.

ಫ್ರೀ ಸೀಟು ಹೋಯಿತು. ಸೆಂಟರಿನ ಸರ್ ಕೂಗಾಡಲಿಲ್ಲ, ತಾನಾಗಿ ಬಂದು ಹೇಳಿದ್ದಕ್ಕೆ ಸ್ಕೂಲಿಗೆ ತಿಳಿಸಲೂ ಇಲ್ಲ. ಆದರೆ ಷರತ್ತು ಷರತ್ತೇ. ಮುಂದಿನ ಪ್ರವೇಶದ ಹೊತ್ತಿಗೆ ಎಲ್ಲರಂತೆ ಪರೀಕ್ಷೆ ಬರೆದು ಬಾ ಅಂದರು. ಬ್ಯಾಂಕ್ ಮೇಡಂ ಮನೆಯ ಗಂಟು ಆಚೆ ಬೀದಿಯ ಲಾಂಡ್ರಿಗೆ ಹೋಗತೊಡಗಿತು. ಕನ್ನಡಕ ಮಾತ್ರ ಮಣ್ಣು ಮೆತ್ತಿದ ಫುಟ್‌ಬಾಲ್ ಜರ್ಸಿಯನ್ನು ಬ್ಯಾಗಿನೊಳಗೆ ಬಚ್ಚಿಟ್ಟು ತಂದು ಇಲ್ಲೇ ಕೊಡುತ್ತಾನೆ. "ಅಲ್ಲಿ ಮಣ್ಣು ಸರಿಯಾಗಿ ಹೋಗಲ್ಲ ಆಂಟಿ," ಎನ್ನುತ್ತಾನೆ.

ಬೀದಿಯವರು ಕೇಳದೆ ಬಿಡುತ್ತಾರೆಯೇ? "ಏನು, ಮಗ ಈ ತಿಂಗಳು ಎಷ್ಟನೆಯವನು?" ಎಂದು ಕೆಣಕಿದವರಿಗೆ ಅಕ್ಕ ಮೊದಮೊದಲು ಕೆಂಪಾದಳು. ಆಮೇಲೆ, "ಮನೇಲಂತೂ ಮೊದಲನೆಯವನೇ, ಅವನಾದ್ಮೇಲೇ ಚಿಕ್ಕವಳು ಹುಟ್ಟಿದ್ದು," ಎಂದು ಬಟ್ಟೆ ಮಡಚಿ ಕೈಗಿಡುವುದನ್ನು ಕಲಿತಳು.

ಹೋದ ವಾರ ಮಧ್ಯಾಹ್ನ ಪುಟ್ಟಿ ಮಲಗಿದ್ದಾಗ ಲಾಂಡ್ರಿ ಅಕ್ಕ ಮಹಡಿ ಹತ್ತಿ ಬಂದಳು. ತೋಳಿನ ಮೇಲೆ ಇಸ್ತ್ರಿಯಾದ ಬಟ್ಟೆ, ಇನ್ನೂ ಬೆಚ್ಚಗಿತ್ತು. ಪುಟ್ಟಿಯ ಅಮ್ಮ ಮಗಳು ಹುಟ್ಟುವ ಮೊದಲು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು ಎಂಬುದು ಅಕ್ಕನಿಗೆ ಗೊತ್ತಿತ್ತು, ಆದರೆ ಇಷ್ಟು ದಿನ ಅದು ಅವಳಿಗೆ ಬೇಕಾಗಿರಲಿಲ್ಲ. ಕೂರಿ ಅಂದರೂ ಕೂರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ದೊಡ್ಡವನಿಗೆ ತ್ರಿಕೋನದ ಲೆಕ್ಕ ಮೊದಲಿಂದ ಹೇಳಿಕೊಡಬೇಕು ಪುಟ್ಟಿ ಅಮ್ಮ. ಬುಡದಿಂದ. ಅವನು ಗೊತ್ತಿಲ್ಲ ಅಂದಾಗ ನೀವು ಹುಬ್ಬು ಮೇಲೆ ಮಾಡಬಾರದು."

"ಕಳಿಸಿ ಅಕ್ಕ, ಅದೇನು ದೊಡ್ಡ ಮಾತು? ಸಂಜೆ ಪುಟ್ಟಿ ಆಡೋ ಹೊತ್ತಿಗೆ ಬರಲಿ."

"ಅದಕ್ಕೆ ಬದಲು ನಿಮ್ಮ ಮನೆ ಇಸ್ತ್ರಿ ನಂದು, ಬೇಡ ಅನ್ನಬೇಡಿ." ಬಟ್ಟೆಯನ್ನು ಕುರ್ಚಿಯ ಮೇಲಿಟ್ಟಳು. ಹೊರಡಲಿಲ್ಲ. ಚೌಕಟ್ಟಿನ ಮೇಲೆ ಇಲ್ಲದ ಧೂಳನ್ನು ಬೆರಳಿಂದ ಒರೆಸಿದಳು.

"ಇನ್ನೇನಾದ್ರೂ ಇದೆಯಾ ಅಕ್ಕ?"

"ಇದೆ. ಪಾಠಕ್ಕೆ ಬದಲು ಇಸ್ತ್ರಿ ಆಯ್ತಲ್ಲ, ಅದು ಉಪಕಾರ ಅಲ್ಲ. ಉಪಕಾರ ಬೇರೆ ಕೇಳಬೇಕು. ನೀವು ಟೆಸ್ಟು ಕೊಡ್ತೀರಿ, ಅವನು ಬರೀತಾನೆ. ಎಷ್ಟು ಬಂತು ಅಂತ ನಾನು ಬಂದು ಕೇಳ್ತೀನಿ. ಕೇಳಲ್ಲ ಅಂತ ಮಕ್ಕಳಿಗೆ ಮಾತು ಕೊಟ್ಟಿದ್ದೀನಿ, ಆದ್ರೂ ಕೇಳೇ ಕೇಳ್ತೀನಿ, ನನ್ನ ಬುದ್ಧಿ ನಂಗೆ ಗೊತ್ತಿಲ್ವಾ? ಬಟ್ಟೆ ಕೊಡೋ ನೆಪದಲ್ಲಿ ಬರ್ತೀನಿ, ಪುಟ್ಟಿಗೆ ಚಾಕಲೇಟು ತರ್ತೀನಿ, ಅದೂ ಇದೂ ಮಾತಾಡ್ತಾ ನಿಮ್ಮ ಬಾಯಿ ಬಿಡಿಸೋಕೆ ನೋಡ್ತೀನಿ. ಗೋಗರೆದ್ರೂ ನೀವು ಹೇಳಬಾರದು. ಅವನೇ ಬಂದು ನನಗೆ ಹೇಳೋವರೆಗೂ ಹೇಳಬಾರದು. ಇಷ್ಟು ಮಾಡಿ ಸಾಕು."